ಹಾಡಿಗಿಲ್ಲದ ಮಡಿ ಬುತ್ತಿಗೆ ಯಾಕೆ?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಭಜನಾ ಮಂಡಳಿಗಳ ಅಣ್ಣತಮ್ಮಂದಿರಿಗೆ, ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತಿರುವ ಅಕ್ಕತಂಗಿಯರಿಗೆ,

ಹೋದ ವಾರ ನಿಮ್ಮಲ್ಲಿ ಮೂವರು ರಸೀದಿ ಪುಸ್ತಕ ಹಿಡಿದುಕೊಂಡು ರಂಗಂಪೇಟೆಯ ನಮ್ಮ ಮನೆಗೆ ಬಂದಿದ್ದಿರಿ. ಮೂರೂ ಊರಿನ ಮಂಡಳಿಗಳು ಕೂಡಿ ಒಂದು ರಾತ್ರಿ ಬೆಳತನಕ ಭಜನೆ ಮಾಡಬೇಕೆಂಬ ಮಾತು. ಕೇಳಿ ಖುಷಿಯಾಯಿತು. 2009ರ ಡಿಸೆಂಬರಿನಲ್ಲಿ ನಮ್ಮದು ಬೇರೆ ಜಿಲ್ಲೆಯಾದಾಗಿನಿಂದ ಕಚೇರಿಯ ಕೆಲಸಕ್ಕೆ ಎಲ್ಲರೂ ಯಾದಗಿರಿಯಲ್ಲಿ ಕೂಡುತ್ತೇವೆ, ಪಾಳಿ ಹಚ್ಚುತ್ತೇವೆ. ಹಾಡಲಿಕ್ಕೆ ಕೂಡಿದ್ದು ಮಾತ್ರ ನನಗೆ ನೆನಪಿಲ್ಲ. ಚಹಾ ಕುಡಿಯುತ್ತ ಖರ್ಚಿನ ಚೀಟಿ ತೋರಿಸಿದಿರಿ: ಶಾಮಿಯಾನ, ಕುರ್ಚಿ, ಸೌಂಡು, ಲೈಟು, ಬ್ಯಾನರು, ಶಾಲು, ಹಾರ, ಹಣ್ಣಿನ ಬುಟ್ಟಿ, ಅಡುಗೆಯವರ ಗುತ್ತಿಗೆ, ಕಾಗದದ ತಾಟು. ಚೀಟಿಯ ಕೆಳತುದಿಯಲ್ಲಿ, ಜಾಗ ಸಾಲದೆ ಸಣ್ಣಕ್ಷರದಲ್ಲಿ, 'ಪೇಟಿ ರಿಪೇರಿ' ಎಂದಿತ್ತು. "ಅಕ್ಕೋರ, ನಿಮ್ಮ ಹೆಸರಿಲೆ ಎಷ್ಟು ಬರಕೊಳ್ಳೋಣ್ರಿ?" ಅಂದಿರಿ. ಬರೆದು ತಿಳಿಸುತ್ತೇನೆ ಅಂದೆ. ಉಳಿದ ಮಂಡಳಿಗಳವರೂ ಓದಲಿ ಎಂದು ಎಲ್ಲರ ಹೆಸರಿಗೆ ಬರೆಯುತ್ತಿದ್ದೇನೆ.

ರೊಕ್ಕ ಕೊಡುವುದಿಲ್ಲ. ಬುತ್ತಿ ತರುತ್ತೇನೆ. ನೀವೂ ತರಬೇಕು, ನಿಮ್ಮ ನಿಮ್ಮ ಮನೆಯದು. ಅಡುಗೆಯ ಗುತ್ತಿಗೆ ಬೇಡ, ಶಾಲು ಬೇಡ, ಮುಖ್ಯ ಅತಿಥಿ ಬೇಡ. ಬಂದವರೆಲ್ಲ ಗಂಟಿನಲ್ಲಿ ಒಂದು ಊಟ, ಗಂಟಲಲ್ಲಿ ಒಂದು ಪದ ಹೊತ್ತು ತರಲಿ. ಎರಡನ್ನೂ ನಡುವೆ ಇಟ್ಟು ಎಲ್ಲರೂ ಉಣ್ಣೋಣ.

ಇದೇನು ಹೊಸ ಮಾತು ಅನ್ನಬೇಡಿ. ಬೆಳದಿಂಗಳ ಊಟ ಗೊತ್ತಿಲ್ಲದವರು ನಮ್ಮಲ್ಲಿ ಯಾರು? ಹುಣ್ಣಿಮೆಯ ರಾತ್ರಿ ಓಣಿಯ ಹೆಂಗಸರು ಮಕ್ಕಳು ಮಾಳಿಗೆಯ ಮೇಲೋ ಕೆರೆಯ ದಂಡೆಯಲ್ಲೋ ತಂತಮ್ಮ ಡಬ್ಬಿ ಬಿಚ್ಚಿ ಕೂತಿದ್ದು ನೋಡಿಯೇ ಬೆಳೆದವರು ನಾವು. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯನ್ನೇ ನೋಡಿ. ಸುತ್ತಲಿನ ಮನೆಮನೆಗಳಲ್ಲಿ ಬಡಿದ ಜೋಳದ ರೊಟ್ಟಿ ಒಂದೇ ರಾಶಿಗೆ ಬಂದು ಬೀಳುತ್ತದೆ. ಆ ರಾಶಿಯಿಂದ ತಾಟಿಗೆ ಬಿದ್ದ ರೊಟ್ಟಿ ಯಾವ ಓಣಿಯದು, ಯಾರ ಹಂಚಿನದು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಗೊತ್ತಾಗುವುದಿಲ್ಲ. ಮೇಲೆ ಭಾಜಿ, ಕರಿಂಡಿ.

ಆದರೂ ಈ ವಿಚಾರ ನನ್ನ ತಲೆ ಹೊಕ್ಕಿದ್ದು ದೂರದ ಊರಿನಲ್ಲಿ. ಮಗಳ ಬಾಣಂತನಕ್ಕೆಂದು ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ ಹೋಗಿದ್ದೆ, ರಾಲಿ ಎಂಬ ಊರು. ಬ್ಲೂಗ್ರಾಸ್ ಎಂಬ ಹಾಡಿಕೆಯ ದೊಡ್ಡ ಹಬ್ಬ 2013ರಿಂದ 2024ರವರೆಗೆ ಅಲ್ಲೇ ನಡೆಯುತ್ತಿತ್ತು. ನಾನು ನೋಡಿದ್ದು ಆ ದೊಡ್ಡ ಹಬ್ಬ ಅಲ್ಲ. ಮಗಳ ಪಕ್ಕದ ಮನೆಯ ಮುದುಕಿಯೊಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು, ಒಂದು ಭಾನುವಾರ ಸಂಜೆ ಪಾರ್ಕಿನ ಚಪ್ಪರಕ್ಕೆ ಕರೆದರು. "ಒಂದು ಪಾತ್ರೆ ಏನಾದರೂ ತನ್ನಿ" ಎಂದರಂತೆ. ಇದಕ್ಕೆ ಅವರ ಕಡೆ ಪಾಟ್‌ಲಕ್ ಎಂಬ ಹೆಸರು. ಮಗಳಿಗೆ ಸಂಕೋಚ, ಕೇಕು ಕೊಂಡುಹೋಗೋಣ ಎಂದಳು. ನಾನು ಇಂಡಿಯನ್ ಅಂಗಡಿಯಲ್ಲಿ ಪುಂಡಿಸೊಪ್ಪು ಹುಡುಕಿಸಿ, ಕಡ್ಲಿಬ್ಯಾಳಿ ಹಾಕಿ ಪಲ್ಯ ಮಾಡಿ ಒಯ್ದೆ. ಅವರ ಮೇಜಿನ ಮೇಲೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ, ಬೇಯಿಸಿದ ಕಾಳು. ಜೋಡಿ ಚೆನ್ನಾಗಿಯೇ ಕೂಡಿತು. ಕತ್ತಲಾಗುವುದರೊಳಗೆ ನನ್ನ ಪಾತ್ರೆ ತಳ ಕಂಡಿತ್ತು.

ಉಂಡಾದ ಮೇಲೆ ಹಾಡು. ವೇದಿಕೆ ಇಲ್ಲ. ಗುಂಡಗೆ ಕೂತರು: ಗಿಟಾರು, ಮ್ಯಾಂಡೊಲಿನ್ನು, ಪಿಟೀಲು, ಬ್ಯಾಂಜೊ, ಮತ್ತೆ ನಿಂತೇ ಬಾರಿಸುವ ಆಳೆತ್ತರದ ಒಂದು ವಾದ್ಯ. (ಬ್ಯಾಂಜೊ ಅಂದರೆ ನಮ್ಮ ಮದುವೆ ಮೆರವಣಿಗೆಯಲ್ಲಿ ಗುಂಡಿ ಒತ್ತಿ ಬಾರಿಸುವ ಪೆಟ್ಟಿಗೆ ಎಂದೇ ನಾನೂ ತಿಳಿದಿದ್ದೆ. ಅದು ಬುಲ್‌ಬುಲ್ ತರಂಗ, ಜಪಾನಿನ ವಾದ್ಯವೊಂದರ ಮೊಮ್ಮಗ. ಇದೇ ಬೇರೆ.) ಒಬ್ಬ ಪದ ಎತ್ತಿದ, ಉಳಿದವರು ಸೊಲ್ಲಿಗೆ ಕೂಡಿದರು. ಪದದ ನಡುವೆ ಒಬ್ಬೊಬ್ಬರಿಗೂ ಒಂದು ಸುತ್ತು. ಕಣ್ಣಸನ್ನೆಯಲ್ಲೇ ಪಾಳಿ ದಾಟಿಸುತ್ತಿದ್ದರು. ಹೊಸದಾಗಿ ಕಲಿಯುತ್ತಿದ್ದ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ಕೂತು ಸಪ್ಪಳ ಕೇಳಿಸದಂತೆ ತಂತಿ ಮೀಟುತ್ತಿದ್ದ. ನಮ್ಮ ಗುಡಿಕಟ್ಟೆಯಲ್ಲಿ ಚಿಕ್ಕ ಹುಡುಗರು ಹಿರಿಯರ ಬೆನ್ನಹಿಂದೆ ತೊಡೆಯ ಮೇಲೆ ತಾಳ ಹಾಕುವ ಹಾಗೆಯೇ. ಹಿಂದಿನ ಕಾಲದಲ್ಲಿ ಇವರ ಮೇಳಗಳು ಒಂದೇ ಮೈಕಿನ ಸುತ್ತ ನಿಲ್ಲುತ್ತಿದ್ದವಂತೆ. ಪಾಳಿ ಬಂದವ ಮುಂದೆ ಬಾಗಬೇಕು, ಮುಗಿದ ಕೂಡಲೆ ಹಿಂದೆ ಸರಿದು ಮತ್ತೊಬ್ಬನಿಗೆ ದಾರಿ ಬಿಡಬೇಕು. ನಮ್ಮ ಮಂಡಳಿಗಳಲ್ಲಿ ಈಗ ಆಳಿಗೊಂದು ಮೈಕು. ಯಾರೂ ಹಿಂದೆ ಸರಿಯುವ ಕಾರಣವೇ ಇಲ್ಲ. ನೆಟ್ಟಗೆ ಹೇಳಿದೆ, ಸಿಟ್ಟಾಗಬೇಡಿ.

ಆ ಹಾಡಿಕೆಯ ಹಿಂದಿನ ಕಥೆಯನ್ನು ಆಮೇಲೆ ಓದಿಕೊಂಡೆ. ಕೆಂಟಕಿ ಎಂಬ ರಾಜ್ಯದ ರೋಸಿನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೊ ತನ್ನ ಮೇಳಕ್ಕೆ ಊರ ಕಡೆಯ ಹುಲ್ಲಿನ ಹೆಸರಿಟ್ಟುಕೊಂಡ, ಬ್ಲೂ ಗ್ರಾಸ್ ಬಾಯ್ಸ್ ಎಂದು. 1939ರಲ್ಲಿ ನ್ಯಾಶ್‌ವಿಲ್ಲಿನ ರೇಡಿಯೊ ಕಾರ್ಯಕ್ರಮಕ್ಕೆ ಸೇರಿದ. 1945ರಲ್ಲಿ ನಾರ್ತ್ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಮೂರು ಬೆರಳಲ್ಲಿ ಬ್ಯಾಂಜೊ ಮೀಟುತ್ತ ಆ ಮೇಳ ಸೇರಿದ ಮೇಲೆ ಈ ಹಾಡಿಕೆಯ ರೂಪ ಗಟ್ಟಿಯಾಯಿತು. ಮುಂದೆ ಮೇಳದ ಹೆಸರೇ ಹಾಡಿಕೆಗೂ ಬಂತು. ಗುಡ್ಡಗಾಡಿನ ಜನ ಕೂಲಿ ಹುಡುಕಿಕೊಂಡು ಡೆಟ್ರಾಯಿಟ್, ಸಿನ್ಸಿನಾಟಿಯ ಕಾರ್ಖಾನೆಗಳಿಗೆ ಹೋಗಿದ್ದ ಕಾಲ ಅದು. ಬಿಟ್ಟುಬಂದ ಮನೆ, ತೀರಿಹೋದ ತಾಯಿ, ಊರಿಗೆ ಹೋಗುವ ರೈಲು ಈ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುವ ನಮ್ಮ ವಡಗೇರಾ, ಹುಣಸಗಿ ಕಡೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬ್ಯಾಂಜೊ. ಅದು ಹುಟ್ಟಿನಲ್ಲಿ ಬಿಳಿಯರ ವಾದ್ಯವೇ ಅಲ್ಲ. ಆಫ್ರಿಕದಿಂದ ಹಿಡಿದುತಂದು ಗುಲಾಮರನ್ನಾಗಿ ಮಾಡಿದ ಜನ ತಮ್ಮ ನೆಲದ ನೆನಪಿನಲ್ಲಿ ಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿ ಮಾಡಿಕೊಂಡದ್ದು. ನಮ್ಮ ಏಕತಾರಿಯೂ ಬುರುಡೆಯೇ ಅಲ್ಲವೇ? ಬಳ್ಳಿಯಲ್ಲಿ ಬಲಿತು ಒಣಗಿದ ಕಾಯಿ ಸಮುದ್ರದ ಆಚೆಗೂ ಈಚೆಗೂ ಬಡವರ ಕೈಯಲ್ಲಿ ವಾದ್ಯವಾಯಿತು. ಬಿಲ್ ಮನ್ರೊಗೂ ಒಬ್ಬ ಕರಿಯ ಗುರುವಿದ್ದ. ಆರ್ನಾಲ್ಡ್ ಶುಲ್ಟ್ಸ್ ಎಂದು ಹೆಸರು, ಗಿಟಾರು ನುಡಿಸುವವ. ಹುಡುಗ ಮನ್ರೊನನ್ನು ಕುಣಿತದ ಕೂಟಗಳಿಗೆ ಜೊತೆಗೆ ಕರೆದೊಯ್ದು ನುಡಿಸಲು ಹಚ್ಚುತ್ತಿದ್ದವ. ಆ ಋಣವನ್ನು ಮನ್ರೊ ಬಾಯಿಬಿಟ್ಟು ಹೇಳಿದ್ದಾನೆ.

ಆದರೆ ಊಟದ ಮೇಜು? ರಾಲಿಯಿಂದ ಒಂದೂವರೆ ತಾಸಿನ ದಾರಿಯಲ್ಲಿ ಗ್ರೀನ್ಸ್‌ಬರೊ ಎಂಬ ಊರಿದೆ. 1960ರ ಫೆಬ್ರುವರಿ 1ರಂದು ಅಲ್ಲಿನ ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಗೆ ನಾಲ್ವರು ಕರಿಯ ಕಾಲೇಜು ಹುಡುಗರು ಹೋಗಿ ಕೂತರು, ಕಾಫಿ ಕೇಳಿದರು. ಅದೇ ಅಂಗಡಿಯಲ್ಲಿ ಅವರು ವಹಿ, ಪೇಸ್ಟು ಕೊಳ್ಳಬಹುದಿತ್ತು, ಅವರ ರೊಕ್ಕಕ್ಕೆ ಮೈಲಿಗೆ ಇರಲಿಲ್ಲ. ಕೂತು ಉಣ್ಣುವ ಹಾಗಿರಲಿಲ್ಲ, ಅಷ್ಟೆ. ಕೊಡಲಿಲ್ಲ. ಇವರು ಏಳಲಿಲ್ಲ. ಮರುದಿನ ಮತ್ತಷ್ಟು ಹುಡುಗರು ಬಂದರು, ಆಮೇಲೆ ಬೇರೆ ಬೇರೆ ಊರುಗಳಲ್ಲೂ ಕೂತರು. ಜುಲೈ ಹೊತ್ತಿಗೆ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಅದೇ ಗ್ರೀನ್ಸ್‌ಬರೊದ ಮಗಳು, ಬ್ಯಾಂಜೊ ವಾದಕಿ ರಿಯಾನನ್ ಗಿಡೆನ್ಸ್, 2017ರಲ್ಲಿ ರಾಲಿಯ ಬ್ಲೂಗ್ರಾಸ್ ಸಮಾವೇಶದಲ್ಲಿ ನಿಂತು, ಈ ಸಂಗೀತದಲ್ಲಿ ಕರಿಯರ ಪಾಲನ್ನು ಕಥೆಯಿಂದಲೇ ಅಳಿಸಿಬಿಟ್ಟಿರಿ ಎಂಬ ಮಾತನ್ನು ಅವರ ಎದುರಿಗೇ ಆಡಿದಳು. ಬುರುಡೆ ತಗೊಂಡರು, ರಾಗ ತಗೊಂಡರು, ಪಕ್ಕದಲ್ಲಿ ಕೂಡಿಸಿಕೊಂಡು ಊಟಕ್ಕೆ ಮಾತ್ರ ಕರೆಯಲಿಲ್ಲ.

ಅದನ್ನು ಓದಿ "ಅಯ್ಯೋ, ಎಂಥಾ ಜನ" ಎಂದುಕೊಂಡೆ. ವಿಮಾನ ಇಳಿದು ಊರಿಗೆ ಬಂದ ಮೇಲೆ ಆ ಮಾತು ನನ್ನ ಕಡೆಗೇ ತಿರುಗಿತು.

ನಮ್ಮ ಹಾಡಿಗೆ ಮಡಿ ಇಲ್ಲ, ಇದು ನಿಜ, ಇದನ್ನು ಎದೆಯುಬ್ಬಿಸಿಯೂ ಹೇಳಬಹುದು. ಕಡಕೋಳ ಮಡಿವಾಳಪ್ಪನವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲಸಾಹೇಬರಿದ್ದಾರೆ, ದಲಿತರಾದ ಖೈನೂರ ಕೃಷ್ಣಪ್ಪನವರಿದ್ದಾರೆ. ಅವರ ಪದ ಹಾಡುವಾಗ ಯಾವ ಮಂಡಳಿಯೂ ನಾಲಿಗೆ ತೊಳೆದುಕೊಳ್ಳುವುದಿಲ್ಲ. ದೇವರಗೋನಾಲದಲ್ಲಿ ಹುಟ್ಟಿ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನೆಲೆನಿಂತ ಮೌನೇಶ್ವರನನ್ನು ಹಿಂದೂಗಳು ಮೌನಪ್ಪಯ್ಯ ಅಂತಾರೆ, ಮುಸಲ್ಮಾನರು ಮೋನುದ್ದೀನ ಅಂತಾರೆ, ಜಾತ್ರೆಯಲ್ಲಿ ಇಬ್ಬರೂ ಒಂದೇ ಗದ್ದುಗೆಗೆ ತಲೆಬಾಗುತ್ತಾರೆ. ಮೊಹರಂ ಬಂತೆಂದರೆ ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಯಲ್ಲೂ ಅಲಾಯಿ ಕುಣಿ ತೋಡುತ್ತೇವೆ, ಪದ ಕಟ್ಟುತ್ತೇವೆ, ಹೆಜ್ಜೆ ಹಾಕುತ್ತೇವೆ. ಗುಳೆ ಹೋದವರು ಬಸ್ಸು ಹಿಡಿದು ಬರುವುದೂ ಆ ಹಬ್ಬಕ್ಕೇ.

ಊಟದ ವಿಷಯ ಬಂದಾಗ "ದಾಸೋಹದಾಗ ಎಲ್ಲರೂ ಒಂದೇ ಪಂಕ್ತ್ಯಾಗ ಕೂಡ್ತೀವಲ್ರಿ" ಎಂದು ನೀವು ಹೇಳುತ್ತೀರಿ. ಹೌದು, ಕೂಡುತ್ತೇವೆ. ಅದು ಸಣ್ಣ ಮಾತಲ್ಲ. ಆದರೆ ದಾಸೋಹದ ಅನ್ನ ಮಠದ ಒಲೆಯ ಮೇಲೆ ಬೆಂದದ್ದು, ಗುತ್ತಿಗೆಯ ಊಟ ಅಡುಗೆಭಟ್ಟರ ಕೈಯದ್ದು. ನನ್ನ ಪಕ್ಕದಲ್ಲಿ ಕೂತವ ಉಂಡದ್ದನ್ನೇ ನಾನು ಉಂಡೆ, ಸರಿ. ಅವನ ಮನೆಯ ಹಂಚಿನ ರೊಟ್ಟಿಯನ್ನು ಉಂಡೆನೇ? ನಿಮ್ಮ ಖರ್ಚಿನ ಚೀಟಿಯಲ್ಲಿ ಅಡುಗೆಯ ಗುತ್ತಿಗೆ ಯಾಕಿದೆ ಎಂದು ಯೋಚಿಸಿದ್ದೀರಾ? ಅನುಕೂಲಕ್ಕೆ ಅನ್ನುತ್ತೀರಿ. ಯಾರ ಅನುಕೂಲಕ್ಕೆ? ಯಾರ ಮನೆಯ ಊಟವೂ ಬರದಿದ್ದರೆ ಯಾರ ಮನೆಯ ಊಟ ಬೇಡ ಎನ್ನುವ ಪ್ರಸಂಗವೇ ಬರುವುದಿಲ್ಲ.

ನಾನೇನು ಇದರಿಂದ ಹೊರಗಿನವಳಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಗೆ ಶಹಾಪುರದ ಹತ್ತಿರ ಬೀಗರ ಹೊಲಕ್ಕೆ ಹೋಗಿದ್ದೆವು. ಭಜನೆಯ ಬಳಗದ ನಾಲ್ಕಾರು ಮನೆಯವರೂ ಬಂದಿದ್ದರು. ಚರಗ ಚೆಲ್ಲಿ ಬಂದು ಬನ್ನಿಗಿಡದ ಬುಡದಲ್ಲಿ ಜಮಖಾನ ಹಾಸಿ ಒಂದಿಷ್ಟು ಹೊತ್ತು ಹಾಡಿದೆವು. ದಮ್ಮಡಿ ಬಾರಿಸುವ ಅಣ್ಣನೊಬ್ಬ ಪದ ಎತ್ತಿದ, ನಾನು ಎರಡನೇ ಸೊಲ್ಲು ಹಿಡಿದೆ. ಅವನ ದನಿ ಇಳಿದಲ್ಲಿ ನನ್ನದು ಏರುತ್ತಿತ್ತು. ಅಷ್ಟು ಚೆಂದ ಕೂಡಿ ಹಾಡಿದ್ದು ನನಗೆ ಅಪರೂಪ. ಆಮೇಲೆ ಬುತ್ತಿ ಬಿಚ್ಚಿದರು: ಸಜ್ಜಿರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಕೆನಿಮೊಸರು. ಅವನ ಹೆಂಡತಿ ಒಂದು ಸ್ಟೀಲಿನ ಡಬ್ಬಿ ತುಂಬ ಭಜ್ಜಿ ತಂದಿದ್ದಳು. ಎಳ್ಳಮಾವಾಸ್ಯೆಯ ಭಜ್ಜಿ ಎಂದರೆ ಏನು ಎಂದು ನಮ್ಮವರಿಗೆ ಹೇಳಬೇಕೆ? ಸಿಕ್ಕ ಕಾಯಿ, ಸೊಪ್ಪು, ಹಸಿಕಾಳು ಎಲ್ಲ ಕೂಡಿಸಿ ಹುಣಸೆಹುಳಿ, ಹಿಟ್ಟು ಹಚ್ಚಿ ಕುದಿಸಿದ್ದು. ನಸುಕಿನಲ್ಲಿ ಮೂರು ಗಂಟೆಗೆ ಎದ್ದರೇ ಮಧ್ಯಾಹ್ನಕ್ಕೆ ಹೊಲ ಮುಟ್ಟೀತು. ಡಬ್ಬಿ ಜಮಖಾನದ ಅಂಚಿನಲ್ಲಿತ್ತು. ಕೈಗಳು ಅದರ ಈಚೆಯವರೆಗೆ ಬಂದು ತಿರುಗಿ ಹೋಗುತ್ತಿದ್ದವು. ನನ್ನ ಸರದಿ ಬಂದಾಗ ಅವಳು ಸೌಟು ಎತ್ತಿ ನನ್ನ ಮುಖ ನೋಡಿದಳು. "ಹೊಟ್ಟಿ ತುಂಬ್ಯದ ತಾಯಿ" ಎಂದೆ. ತುಂಬಿರಲಿಲ್ಲ. "ಇರ್ಲಿ ಬಿಡ್ರಿ ಅಕ್ಕೋರ, ಮನ್ಯಾಗ ಹುಡುಗ್ರು ಉಣ್ತಾವ" ಎಂದು ಅವನು ಡಬ್ಬಿಯ ಮುಚ್ಚಳ ಹಾಕಿದ.

ಮೂವತ್ತು ವರ್ಷ ಮಕ್ಕಳಿಗೆ ವಚನ ಪಾಠ ಮಾಡಿದವಳು ನಾನು.

ಅದೂ ಕೆಂಭಾವಿಯ ಪಕ್ಕದಲ್ಲಿ ಹುಟ್ಟಿ ಬೆಳೆದವಳು. ಕೆಂಭಾವಿ ಭೋಗಣ್ಣನ ಕಥೆಯನ್ನು ಸಣ್ಣವಳಿದ್ದಾಗಲೇ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ದೊಡ್ಡವಳಾದ ಮೇಲೆ ಹರಿಹರ ಅವನ ಮೇಲೆ ರಗಳೆ ಬರೆದಿದ್ದಾನೆಂದು ಗೊತ್ತಾಯಿತು. ಶಿವ ಒಮ್ಮೆ ಅಸ್ಪೃಶ್ಯನ ವೇಷದಲ್ಲಿ ಭೋಗಣ್ಣನ ಮನೆಗೆ ಬರುತ್ತಾನೆ. ಭೋಗಣ್ಣ ಒಳಗೆ ಕರೆದು ಊಟಕ್ಕಿಡುತ್ತಾನೆ. ಅಗ್ರಹಾರದವರು ಅರಸನಿಗೆ ದೂರು ಒಯ್ಯುತ್ತಾರೆ, ಭೋಗಣ್ಣನನ್ನು ಊರು ಬಿಡಿಸುತ್ತಾರೆ. ಅವನು ಎದ್ದು ಹೊರಟರೆ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಎದ್ದು ಅವನ ಹಿಂದೆ ನಡೆಯುತ್ತವೆ. ಖಾಲಿ ಗುಡಿಗಳ ಊರಲ್ಲಿ ಉಳಿಯುವುದು ಹೇಗೆ? ಅರಸ, ಅಗ್ರಹಾರದವರು ಓಡಿಹೋಗಿ ಕಾಲು ಹಿಡಿದು ಅವನನ್ನು ಹಿಂದಕ್ಕೆ ಕರೆತರುತ್ತಾರೆ. ಅಜ್ಜಿ ಹೇಳುವಾಗ ಲಿಂಗಗಳು ಉರುಳುತ್ತ ಹೋದವು ಎನ್ನುತ್ತಿದ್ದಳು, ನಾವು ಮಕ್ಕಳು ನಗುತ್ತಿದ್ದೆವು. ಈಗ ಆ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಭೋಗಣ್ಣ ಛತ್ರದಲ್ಲಿ ಉಣಬಡಿಸಲಿಲ್ಲ, ತನ್ನ ಮನೆಯಲ್ಲಿ, ತನ್ನ ಒಲೆಯದನ್ನು ಬಡಿಸಿದ. ಕಥೆಯಲ್ಲಿ ಹೇಳದೆ ಬಿಟ್ಟ ಇನ್ನೊಂದು ಭಾಗವೂ ಇದೆ: ಮರುದಿನ ಭೋಗಣ್ಣ ಆ ಅತಿಥಿಯ ಮನೆಗೆ ಹೋಗಿ ಅವರ ಒಲೆಯದನ್ನು ಉಂಡು ಬರುವುದು. ಅದು ನಮಗೆ ಉಳಿದ ಕೆಲಸ.

ಹಾಗಾಗಿ ನನ್ನ ಕೇಳಿಕೆ ಇಷ್ಟು. ಎಳ್ಳಮಾವಾಸ್ಯೆಯ ದಿನವೇ ಬೇಡ, ಅಂದು ಎಲ್ಲರಿಗೂ ಅವರವರ ಹೊಲ ಇರುತ್ತದೆ. ಅದಾಗಿ ಹದಿನೈದು ದಿನಕ್ಕೆ ಬನದ ಹುಣ್ಣಿಮೆ. ಬೆಳದಿಂಗಳು ಇರುತ್ತದೆ, ಲೈಟಿನ ಖರ್ಚು ಉಳಿಯಿತು. ಥಂಡಿಯೂ ಇರುತ್ತದೆ, ಕಂಬಳಿ ತನ್ನಿ. ಜಾಗಕ್ಕೆ ಶಹಾಪುರವೇ ಸರಿ, ಯಾದಗಿರಿಯವರು ಭೀಮೆ ದಾಟಿ ಬರಬೇಕು, ಸುರಪುರದವರು ಗುಡ್ಡ ಇಳಿದು ಬರಬೇಕು, ಇಬ್ಬರಿಗೂ ನಡುವೆ. ಗುಡಿ ಬೇಡ, ಮಠ ಬೇಡ, ಮಂಗಲ ಕಾರ್ಯಾಲಯವಂತೂ ಬೇಡವೇ ಬೇಡ. ಮಲಗಿದ ಬುದ್ಧನ ಗುಡ್ಡ ಕಾಣುವಂಥ ಒಂದು ಒಣಬೇಸಾಯದ ಕರಿಹೊಲ ನೋಡಿ. ಕಾಲುವೆ ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತದ ಕೆಸರು, ಕೂರಲು ಜೋಳದ ಹೊಲ ಹುಡುಕುವುದೇ ಒಂದು ಕೆಲಸವಾದೀತು. ಹುಡುಕಿ. ಹೊಲದವರಿಗೆ ಮೊದಲೇ ಹೇಳಿ, ಅವರನ್ನೂ ಹಾಡಲು ಕೂಡಿಸಿ.

ಮೈಕು ಒಂದೇ ಇರಲಿ, ಇರದಿದ್ದರೆ ಇನ್ನೂ ಒಳ್ಳೆಯದು. ಮಂಡಳಿಗಳು ಬೇರೆ ಬೇರೆ ಕೂತು ಒಬ್ಬರ ನಂತರ ಒಬ್ಬರು ಹಾಡಿ ಬಹುಮಾನಕ್ಕೆ ಕಾಯುವುದು ಬೇಡ. ಯಾದಗಿರಿಯವರ ಪೇಟಿಗೆ ಸುರಪುರದವರ ತಬಲಾ ಸಿಗಲಿ. ಗುಂಡಗೆ ಕೂಡೋಣ. ಒಬ್ಬರು ಎತ್ತಿದ ಪದಕ್ಕೆ ಗೊತ್ತಿದ್ದವರು ಕೂಡಲಿ, ಗೊತ್ತಿಲ್ಲದವರು ತೊಡೆ ತಟ್ಟಲಿ.

ಬುತ್ತಿಯ ಬಗ್ಗೆ ಒಂದು ಕರಾರು, ಇದನ್ನು ಓದಿ ಕೆಲವರು ಈ ಪತ್ರವನ್ನೇ ಹರಿಯಬಹುದು. ಹೊಲಕ್ಕೆ ಬುತ್ತಿ ಎಂದ ಕೂಡಲೆ ನಿಮ್ಮ ಮನೆಯ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಲು ಕೂರುತ್ತಾರೆ, ನೀವು ಧೋತರ ಉಟ್ಟು ಏಕತಾರಿ ಹಿಡಿದು ಹೊರಡುತ್ತೀರಿ. ಅದು ಆಗದು. ಹಾಡುವ ಗಂಡಸು ತನ್ನ ಕೈಯಾರೆ ಮಾಡಿದ್ದೊಂದು ತರಬೇಕು. ರೊಟ್ಟಿ ಬಡಿಯಲು ಬರುವುದಿಲ್ಲವೇ, ಶೇಂಗಾ ಹುರಿದು ಹಿಂಡಿ ಕುಟ್ಟಿ. ಜುಣಕ ಕಲಸಿ. ಅದೂ ಬಾರದಿದ್ದರೆ ಅಲ್ಲೇ ಬೆಂಕಿ ಹಾಕಿ ಸೀತನಿ ಸುಡಿ, ಸುಲಗಾಯಿ ಸುಡಿ, ಆ ಹೊತ್ತಿಗೆ ಎರಡೂ ಸಿಗುತ್ತವೆ. ಹೆಂಗಸರಿಗೆ ಆ ರಾತ್ರಿ ಹಾಡುವ ಕೆಲಸ. ಬೀಸುವ ಪದ, ಸೋಬಾನೆ ನಮ್ಮ ಬಾಯಲ್ಲಿವೆ, ಭಜನೆಯ ಗುಂಪಿನಲ್ಲಿ ಅವಕ್ಕೆ ಪಾಳಿ ಬಂದದ್ದು ನಾನಂತೂ ಕಂಡಿಲ್ಲ.

ಡಬ್ಬಿಗಳನ್ನು ಸಾಲಾಗಿ ಇಡುವುದು ಬೇಡ, ಸಾಲಿಗೆ ಒಂದು ತುದಿ ಇರುತ್ತದೆ, ತುದಿಯಲ್ಲಿ ಯಾರದೋ ಡಬ್ಬಿ ಇರುತ್ತದೆ. ಒಂದು ದೊಡ್ಡ ಬಿಳಿ ಅರಿವೆ ಹಾಸಿ ಎಲ್ಲರ ರೊಟ್ಟಿಯನ್ನು ಒಂದೇ ರಾಶಿ ಮಾಡಿ, ಡಂಬಳದವರ ಹಾಗೆ. ಪಲ್ಯ, ಭಜ್ಜಿ ಸುತ್ತಲೂ ಇರಲಿ. ಮಾಂಸದ ಅಡುಗೆ ತರುವವರು ತರಲಿ, ಉಣ್ಣುವವರು ಉಣ್ಣಲಿ, ಒಲ್ಲದವರು ಬಿಡಲಿ. ಅದನ್ನು ನೆಪ ಮಾಡಿಕೊಂಡು ಈ ಕೂಟವನ್ನೇ ಮುರಿಯಬೇಡಿ. ತಾಟು ಮನೆಯಿಂದಲೇ ತನ್ನಿ, ಕಾಗದದ ತಾಟು ಹೊಲದಲ್ಲಿ ಹಾರಾಡಿದರೆ ಹೊಲದವ ಮುಂದಿನ ವರ್ಷ ಕರೆಯುವುದಿಲ್ಲ.

ನನ್ನ ಬುತ್ತಿಯಲ್ಲಿ ಐವತ್ತು ಸಜ್ಜಿರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ. ಕೈ ಮೊದಲಿನ ಹಾಗೆ ಓಡುವುದಿಲ್ಲ, ಎರಡು ದಿನ ಮೊದಲೇ ಬಡಿಯಲು ಶುರು ಮಾಡುತ್ತೇನೆ.

ದಮ್ಮಡಿಯ ಅಣ್ಣನ ಮನೆಗೆ ಮೊನ್ನೆ ನಾನೇ ಹೋಗಿದ್ದೆ. ಬನದ ಹುಣ್ಣಿಮೆಗೆ ಬರಬೇಕು, ಅದೇ ಭಜ್ಜಿ ಮಾಡಿ ತರಬೇಕು ಎಂದೆ. ಅವನು ಹ್ಞೂಂ ಎಂದ. ಅವನ ಹೆಂಡತಿ ಕುಡಿಯಲು ನೀರು ತಂದಿಟ್ಟಳು, ನಾನು ಕುಡಿಯುವುದನ್ನೇ ನೋಡುತ್ತ ನಿಂತಳು. "ನೋಡಮ್ರಿ ಅಕ್ಕೋರ" ಎಂದಳು. ಇನ್ನೂ ಹ್ಞೂಂ ಅಂದಿಲ್ಲ.

ನಿಮ್ಮವಳು,
ಹಿಂದಿನ ಸಾಲಿನಲ್ಲಿ ತಾಳ ಹಾಕುವ ನಿವೃತ್ತ ಶಿಕ್ಷಕಿ
ರಂಗಂಪೇಟೆ, ಸುರಪುರ